ಗುಲಾಬಿಯ ಹಿಂದಿನ ಎಡಗಾಲು

ಗೋಕಾಕದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಯಲ್ಲಾಲಿಂಗನಿಗೆ ಗುಡ್ಡ ಹತ್ತುವ ಹುಚ್ಚು ಹಿಡಿದದ್ದು ಗುಡ್ಡ ನೋಡಿ ಅಲ್ಲ. ಗುಡ್ಡ ಅವನು ಹುಟ್ಟಿದಾಗಿನಿಂದ ಮನೆಯ ಮಾಳಿಗೆಯ ಮೇಲಿಂದ ಕಾಣುತ್ತಿತ್ತು. ಅದರ ಕಡೆ ಒಂದು ದಿನವೂ ಅವನ ಮನಸ್ಸು ಹೋಗಿರಲಿಲ್ಲ. ಹುಚ್ಚು ಹಿಡಿಸಿದ್ದು ಮೊಬೈಲಿನಲ್ಲಿ ಕಂಡ, ಗುಡ್ಡ ಹತ್ತುವವರ ಉಡುಪು. ಎಲ್ಲಿ ಕೈ ಇಟ್ಟರಲ್ಲಿ ಜೇಬಿರುವ ಖಾಕಿ ಪ್ಯಾಂಟು, ಅಗಲ ಅಂಚಿನ ಟೊಪ್ಪಿಗೆ, ಕೊರಳಿಗೆ ದುರ್ಬೀನು, ದುರ್ಬೀನಿನ ಬಾಜೂ ಒಂದು ಸೀಟಿ, ಕಾಲಿಗೆ ದಪ್ಪ ಬೂಟು. ಇಷ್ಟನ್ನೂ ತರಿಸಿಕೊಂಡು ಕನ್ನಡಿಯ ಮುಂದೆ ನಿಂತಾಗ, ಇಷ್ಟು ವರ್ಷ ತಾನು ತಪ್ಪು ಪ್ಯಾಂಟಿನಲ್ಲಿ ಬದುಕಿದೆನಲ್ಲ ಎಂದು ಅವನಿಗೆ ನಿಜವಾಗಿಯೂ ದುಃಖವಾಯಿತು.

ಬೂಟು ಮಾತ್ರ ಒಂದು ನಂಬರು ಸಣ್ಣದು ಬಂದಿತ್ತು. ತಿರುಗಿ ಕಳಿಸಿದರೆ ಹೊಸದು ಬರುವಷ್ಟರಲ್ಲಿ ರಜೆ ಮುಗಿಯುತ್ತಿತ್ತು. ಶನಿವಾರ, ರವಿವಾರ, ಸೋಮವಾರ ಮೂರೂ ಕೂಡಿ ಬಂದ ಅಪರೂಪದ ಸೂಟಿ ಅದು. ಅವನ ಇಬ್ಬರು ಗೆಳೆಯರಲ್ಲಿ ಡ್ರಾಯಿಂಗ್ ಮಾಸ್ತರ ಕಿಶೋರ ಎಲ್ಲಾ ಗೊತ್ತು ಮಾಡಿದ್ದ: ಶನಿವಾರ ಮೂಡಲಗಿಯಲ್ಲಿ ಕುದುರೆ ಗಾಡಿ ಶರ್ಯತ್ತು ನೋಡುವುದು, ರವಿವಾರ ಗೋಕಾಕ ಫಾಲ್ಸಿನ ಹಿಂದಿನ ಗುಡ್ಡ ಹತ್ತುವುದು, ಸೋಮವಾರ ಮನೆಯಲ್ಲಿ ಕಾಲು ಒತ್ತಿಸಿಕೊಳ್ಳುವುದು. ಇನ್ನೊಬ್ಬ ಗೆಳೆಯ ಮೈನೋದ್ದೀನನದು ಬಜಾರದಲ್ಲಿ ಚಪ್ಪಲಿ ಅಂಗಡಿ. ಅವನಿಗೆ ಆದ ನೋವು ಬೇರೆ.

"ಸಾಲ್ಯಾಗಿನ ದೋಸ್ತ ನಾನು. ನನ್ನ ಅಂಗಡಿ ಬಿಟ್ಟು ಮೊಬೈಲಿನ್ಯಾಗ ಬೂಟ ತರಿಸಿದ್ಯಾ?" ಎಂದು ಅವನು ಯಲ್ಲಾಲಿಂಗನ ಕಾಲನ್ನೇ ನೋಡುತ್ತ ಕೇಳಿದ. "ಸಣ್ಣು ಆಗ್ಯಾವಲ್ಲೋ."

"ಇಲ್ಲಪ್ಪಾ. ಗುಡ್ಡದ ಬೂಟು ಹಿಂಗ ಬಿಗಿ ಇರತಾವ" ಎಂದ ಯಲ್ಲಾಲಿಂಗ, ಕಣ್ಣಲ್ಲಿ ನೀರು ತಡೆದುಕೊಂಡು.

ಶನಿವಾರ ಮುಂಜಾನೆ ಗಂಡ ಆ ವೇಷದಲ್ಲಿ ಹೊರಬಿದ್ದಾಗ ನಂದಾ ಬಾಗಿಲಲ್ಲಿ ನಿಂತು, "ಮೂಡಲಗಿಗೆ ಹೊಂಟೀರೋ, ಹಿಮಾಲಯಕ್ಕ ಹೊಂಟೀರೋ?" ಎಂದಳು. ಉತ್ತರ ಕೊಡುವುದು ಅವನ ಈಗಿನ ಉಡುಪಿಗೆ ತಕ್ಕುದಾಗಿರಲಿಲ್ಲ. ಗಂಭೀರವಾಗಿ ತಲೆಯಾಡಿಸಿ, ಮೈನೋದ್ದೀನ ತನ್ನ ಮಾವನಿಂದ ಇಸಿದುಕೊಂಡು ತಂದಿದ್ದ ಬಿಳಿ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತ.

ಮೂಡಲಗಿಯ ಹೊರಗೆ ಶರ್ಯತ್ತಿನ ಬಯಲಿನಲ್ಲಿ ಪೆಂಡಾಲು ಬಿದ್ದಿತ್ತು. ಮೈಕು ಊರು ಎಬ್ಬಿಸುತ್ತಿತ್ತು. ಕುದುರೆಗಳು ಗಾಡಿಗೆ ಕಟ್ಟಿಸಿಕೊಳ್ಳದೆ ಕೆನೆಯುತ್ತ ನಿಂತಿದ್ದವು. ಯಾಕೆಂದರೆ ದನದ ಡಾಕ್ಟರರು ಬಂದು ಕುದುರೆಗಳನ್ನು ನೋಡಿ ಹೂಂ ಅನ್ನದೆ ಓಟ ಶುರು ಮಾಡುವಂತಿರಲಿಲ್ಲ. ಡಾಕ್ಟರರು ಹೊಸಬರು, ಕಮಿಟಿಯವರು ಯಾರೂ ಅವರ ಮುಖ ನೋಡಿದವರಲ್ಲ. ಹೀಗೆ ಎಲ್ಲರೂ ರಸ್ತೆಯ ಕಡೆ ಕಣ್ಣಿಟ್ಟು ನಿಂತಾಗ ಬಿಳಿ ಜೀಪು ಬಂದು ನಿಂತಿತು. ಅದರಿಂದ ಖಾಕಿ ಪ್ಯಾಂಟು, ಟೊಪ್ಪಿಗೆ, ದುರ್ಬೀನಿನ ಸಮೇತ ಒಬ್ಬ ಮನುಷ್ಯ ಇಳಿದ. ಇಳಿದವನು ಎಲ್ಲರಂತೆ ನಡೆಯಲಿಲ್ಲ. ಒಂದೊಂದು ಹೆಜ್ಜೆಯನ್ನೂ ಯೋಚಿಸಿ, ತೂಗಿ, ನಿಧಾನವಾಗಿ ಇಟ್ಟ. ಬೂಟು ಕಚ್ಚುತ್ತಿದ್ದುದರಿಂದ ಹಾಗೆ ನಡೆಯುತ್ತಿದ್ದಾನೆಂದು ನೋಡಿದವರಿಗೆ ಹೇಗೆ ತಿಳಿಯಬೇಕು? ಅಂಥ ನಡಿಗೆ ದೊಡ್ಡ ಅಧಿಕಾರಿಗಳಿಗೆ ಮಾತ್ರ ಬರುವುದು.

ಕಮಿಟಿಯ ಅಧ್ಯಕ್ಷ ಲಕ್ಷ್ಮಣ ಓಡಿ ಬಂದ. "ಡಾಕ್ಟರ್ ಸಾಹೇಬ್ರಲ್ಲೇನ್ರಿ ಇವ್ರು?"

ಯಲ್ಲಾಲಿಂಗ ಬಾಯಿ ತೆರೆದ. ಅಷ್ಟರಲ್ಲಿ ಮೈನೋದ್ದೀನ, ಬೂಟಿನ ಸಿಟ್ಟು ಇನ್ನೂ ಆರದವನು, "ನೋಡಿದ್ರ ಗೊತ್ತಾಗೂದಿಲ್ಲೇನ್ರಿ ಮತ್ತ?" ಎಂದುಬಿಟ್ಟ.

ಹಲಗೆಯವನು ಹಲಗೆ ಬಡಿಯಲಾರಂಭಿಸಿದ. ಯಲ್ಲಾಲಿಂಗನ ಕೊರಳಿಗೆ ದುರ್ಬೀನಿನ ಮೇಲೆ ಹಾರ ಬಿತ್ತು. ಅವನು ಆಗಲೂ ನಿಜ ಹೇಳುವವನೇ ಇದ್ದ. ಆದರೆ ಪೆಂಡಾಲಿನ ನೆರಳಲ್ಲಿ, ಫ್ಯಾನಿನ ಕೆಳಗೆ ಒಂದು ಮೆತ್ತೆಯ ಕುರ್ಚಿ ಇಟ್ಟರು, ತಂಪು ಮಜ್ಜಿಗೆ ಕೊಟ್ಟರು. ಅವನ ಎರಡೂ ಪಾದಗಳು ಒಟ್ಟಿಗೆ ಆ ಕುರ್ಚಿಯನ್ನು ಬೇಡಿದವು. ನಿಂತುಕೊಂಡು ನಿಜ ಹೇಳುವುದು ಸುಲಭ. ಮೆತ್ತೆಯ ಕುರ್ಚಿಯಲ್ಲಿ ಒಮ್ಮೆ ಕುಳಿತ ಮೇಲೆ ಅದು ಬಹಳ ಕಠಿಣ.

"ಲೇ, ಹೇಳಿಬಿಡೋ" ಎಂದು ಕಿಶೋರ ಕಿವಿಯಲ್ಲಿ ಪಿಸುಗುಟ್ಟಿದ.

"ಮಜ್ಜಿಗಿ ಮುಗೀಲಿ ತಡಿ" ಎಂದ ಯಲ್ಲಾಲಿಂಗ.

ಮಜ್ಜಿಗೆ ಮುಗಿಯುವ ಮೊದಲೇ ಕುದುರೆಗಳು ಬಂದವು. ಒಂದೊಂದಾಗಿ ಅವನ ಮುಂದೆ ತಂದು ನಿಲ್ಲಿಸಿದರು. ಯಲ್ಲಾಲಿಂಗನಿಗೆ ಕುದುರೆಯ ಹತ್ತಿರ ಹೋಗಲು ಧೈರ್ಯವಿರಲಿಲ್ಲ. ಕುಳಿತಲ್ಲಿಂದಲೇ ದುರ್ಬೀನು ಎತ್ತಿ ಅದರ ಹಲ್ಲು ನೋಡಿದ. ದುರ್ಬೀನಿನಲ್ಲಿ ಹಲ್ಲುಗಳು ಬಾಗಿಲಿನಷ್ಟು ದೊಡ್ಡದಾಗಿ ಕಂಡು ಅವನು ಹಿಂದೆ ಸರಿದ. "ಹೂಂ" ಎಂದ. ಜನ ದಂಗಾದರು. ಹಿಂದಿನ ಡಾಕ್ಟರರು ಬಾಯಲ್ಲಿ ಕೈ ಹಾಕಿ ನೋಡುತ್ತಿದ್ದರು. ಇವರು ಮುಟ್ಟದೆಯೇ ಹೇಳುತ್ತಾರೆ!

ಹೀಗೆ ಬಂದ ಕುದುರೆಗಳಿಗೆಲ್ಲ ಹೂಂ ಅಂದದ್ದಾಯಿತು. ಆಗ ಲಕ್ಷ್ಮಣ ಬಗ್ಗಿ, ಬಹಳ ವಿನಯದಿಂದ ಹೇಳಿದ: "ಸಾಹೇಬ್ರ, ಎಲ್ಲಾನೂ ಪಾಸ್ ಮಾಡಿದ್ರ ಜನ ಮಾತಾಡತಾರ್ರಿ. ಕಮಿಟಿಯವ್ರು ಸಾಹೇಬ್ರನ್ನ ಹಿಡಕೊಂಡಾರ ಅಂತಾರ. ಒಂದನ್ನರ ತಗದ್ರ ಚಂದ ಇರತೈತಿ."

ಒಂದನ್ನಾದರೂ ತೆಗೆಯಬೇಕು. ಆಗ ಎದುರಿಗೆ ಬಂದದ್ದು ಬೆಳ್ಳಗಿನ ಒಂದು ಹೆಣ್ಣು ಕುದುರೆ. ಅದರ ಯಜಮಾನ ಚಹಾ ಕುಡಿಯಲು ಹೋಗಿದ್ದನಂತೆ. ಮಾಳು ಎಂಬ ಆಳು ಹಿಡಿದು ನಿಂತಿದ್ದ. ಆ ಕುದುರೆಯ ಕೆಟ್ಟ ಗಳಿಗೆ, ಅದರ ಹಿಂದಿನ ಎಡಗಾಲಿನ ಮೇಲೆ ಒಂದು ನೊಣ ಕುಳಿತಿತ್ತು. ಕುದುರೆ ಕಾಲು ಝಾಡಿಸಿತು.

ಯಲ್ಲಾಲಿಂಗ ದುರ್ಬೀನು ಕೆಳಗಿಳಿಸಿದ. "ಹಿಂದಿನ ಎಡಗಾಲು" ಎಂದ. ಸ್ವಲ್ಪ ತಡೆದು, "ಸರಿ ಇಲ್ಲ" ಎಂದ.

ಮೈಕಿನವನು ಕೂಡಲೇ ಸಾರಿದ: "ಬೆಲ್ಲದ ಬಾಗೇವಾಡಿಯ ಗುಲಾಬಿ, ಹಿಂದಿನ ಎಡಗಾಲು ಕುಂಟು, ಓಟದಿಂದ ಹೊರಗ!"

ಬೆಲ್ಲದ ಬಾಗೇವಾಡಿ ಎಂಬ ಮಾತು ಕೇಳಿ ಯಲ್ಲಾಲಿಂಗ ಮಜ್ಜಿಗೆಯ ಲೋಟ ಕೆಳಗಿಟ್ಟ. ಅದು ಹುಕ್ಕೇರಿ ತಾಲೂಕಿನ ಊರು. ಅವನ ಹೆಂಡತಿಯ ತವರು. ಮಾವ ಈಚೆಗೆ ಒಂದು ಕುದುರೆ ತಂದಿದ್ದಾನೆಂದು ನಂದಾ ಹೇಳಿದ್ದಳು. ಅವನು ಆಗ ಮೊಬೈಲಿನಲ್ಲಿ ಪ್ಯಾಂಟು ನೋಡುತ್ತಿದ್ದ.

"ಯಾವನಲೇ ಅಂವ? ನನ್ನ ಗುಲಾಬಿಗೆ ಕುಂಟಿ ಅಂದಾಂವ ಯಾವನಲೇ?"

ಜನ ಎರಡು ಕಡೆ ಸರಿದರು. ಚಹಾದ ಕಪ್ಪು ಕೈಯಲ್ಲೇ ಹಿಡಿದುಕೊಂಡು, ಹೆಗಲ ಮೇಲಿನ ಟವಲು ಹಾರಿಸುತ್ತ ಉದ್ದಪ್ಪ ಬಂದ. ಬಂದವನು ಕುರ್ಚಿಯಲ್ಲಿ ಹಾರ ಹಾಕಿಕೊಂಡು ಕುಳಿತವನನ್ನು ನೋಡಿದ. ಟೊಪ್ಪಿಗೆಯ ಕೆಳಗಿನ ಮುಖವನ್ನು ಬಗ್ಗಿ ನೋಡಿದ.

"ಅಳಿಯಂದ್ರ?" ಎಂದ.

"ಮಾವಾರ" ಎಂದ ಯಲ್ಲಾಲಿಂಗ.

ಉದ್ದಪ್ಪನ ಮುಖದಲ್ಲಿ ಆಗ ನಡೆದದ್ದನ್ನು ನೋಡಲು ಓಟಕ್ಕೆ ಬಂದವರೆಲ್ಲ ಮುಂದೆ ಬಂದರು. ಅಳಿಯ ಸಾಹೇಬನಾಗಿದ್ದಾನೆ ಎಂಬ ಹೆಮ್ಮೆ ಮೀಸೆಯ ಒಂದು ತುದಿ ಎತ್ತುತ್ತಿತ್ತು. ಅದೇ ಅಳಿಯ ತನ್ನ ಕುದುರೆಯನ್ನು ಕುಂಟಿ ಅಂದ ಎಂಬ ಸಿಟ್ಟು ಇನ್ನೊಂದು ತುದಿ ಜಗ್ಗುತ್ತಿತ್ತು. ಅವನು ಯಾವುದಾದರೂ ಒಂದನ್ನು ಆರಿಸಿಕೊಳ್ಳುವ ಮೊದಲೇ ಲಕ್ಷ್ಮಣ ಮೈಕು ಕಸಿದುಕೊಂಡ.

"ಕೇಳ್ರೆಪಾ ಎಲ್ಲಾರೂ! ಸಾಹೇಬ್ರು ತಮ್ಮ ಸ್ವಂತ ಮಾವನ ಕುದರಿ ಹೊರಗ ಹಾಕ್ಯಾರ! ಇಂಥಾ ಅಧಿಕಾರಿ ಈ ಜಿಲ್ಲಾದಾಗ ಇನ್ನೊಬ್ಬ ಅದಾನೇನು?"

ಚಪ್ಪಾಳೆಯ ಸದ್ದಿಗೆ ಕುದುರೆಗಳು ಬೆದರಿದವು. ಯಲ್ಲಾಲಿಂಗನಿಗೆ ಎರಡನೇ ಹಾರ ಬಿತ್ತು. ಉದ್ದಪ್ಪನಿಗೂ ಒಂದು ಬಿತ್ತು. "ಪುಣ್ಯಾ ಮಾಡಿರಿ ಕಾಕಾ, ಇಂಥಾ ಅಳಿಯನ ಪಡ್ಯಾಕ" ಎಂದು ಒಬ್ಬೊಬ್ಬರೂ ಬಂದು ಅವನ ಕೈ ಹಿಡಿದರು. ಹಲ್ಲು ಕಚ್ಚಿಕೊಂಡು ಅವನು ಎಲ್ಲರಿಗೂ ಕೈ ಮುಗಿದ. ಗುಲಾಬಿಯಿಲ್ಲದೆ ಆ ದಿನದ ಓಟಗಳು ನಡೆದವು; ಕೊನೆಯ ಓಟ ಸೋಮವಾರಕ್ಕೆ ಇತ್ತು. ಸಂಜೆ ಬಯಲು ಬಿಡುವಾಗ ಉದ್ದಪ್ಪ ಅಳಿಯನ ಹತ್ತಿರ ಬಂದು ಒಂದೇ ಮಾತು ಹೇಳಿದ.

"ನಾಳೆ ಗುಡ್ಡಾ ಹತ್ತತೀರಂತಲ್ಲ. ಗುಲಾಬಿನೂ ಬರತಾಳ."

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದು ಕುಳಿತಿತ್ತು. ನಂದಾ ಫೋನು ಹಿಡಿದು ನಿಂತಿದ್ದಳು. "ಅವ್ವ ಫೋನ್ ಮಾಡಿದ್ಳು. ನೀವು ಡಾಕ್ಟರ್ ಆಗಿದ್ದು ನನಗ ಯಾಕ ಹೇಳಿಲ್ಲ ಅಂತ ಅಳಾಕತ್ತಾಳ. ಮುಂಜಾನಿ ಹಾಲು ತಂದು ಕೊಟ್ಟು ಹೋದ್ರಿ. ನಡುವ ಯಾವಾಗ ಡಾಕ್ಟರ್ ಆದ್ರಿ?"

ಯಲ್ಲಾಲಿಂಗ ಬಕೆಟ್ಟಿನ ನೀರಲ್ಲಿ ಕಾಲಿಟ್ಟು ಎಲ್ಲಾ ಹೇಳಿದ. ಕೇಳುತ್ತ ಕೇಳುತ್ತ ನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕು ಮುಗಿದ ಮೇಲೆ ಗಂಭೀರಳಾದಳು. "ಅಪ್ಪಾಗ ಆ ಕುದರಿ ಅಂದ್ರ ಜೀವ. ನಾಳೆ ಗುಡ್ಡದ ಮ್ಯಾಲ ಖರೆ ಹೇಳಿಬಿಡ್ರಿ. ಇಲ್ಲಾಂದ್ರ ನಾ ಹೇಳತೇನಿ."

ರವಿವಾರ ಗುಡ್ಡದ ಬುಡಕ್ಕೆ ಮೂವರು ಗೆಳೆಯರು ಹೋದಾಗ ಅಲ್ಲಿ ಒಂದು ದಿಬ್ಬಣವೇ ನಿಂತಿತ್ತು. ಗುಲಾಬಿಯ ಬೆನ್ನಿಗೆ ಗೋಣಿಚೀಲ ಹಾಸಿ, ಹಣೆಗೆ ಗೊಂಡೆ ಕಟ್ಟಿ ಉದ್ದಪ್ಪ ಹಗ್ಗ ಹಿಡಿದಿದ್ದ. ಅತ್ತೆ ಶೆಟ್ಟೆವ್ವ ರೊಟ್ಟಿಯ ಗಂಟು ಹೊತ್ತಿದ್ದಳು. ಸಾಕ್ಷಿಗೆಂದು ಲಕ್ಷ್ಮಣ ಕಮಿಟಿಯವರನ್ನು ಕರೆದುಕೊಂಡು ಬಂದಿದ್ದ. ಸಾಕ್ಷಿಗಳ ಜೊತೆ ಹಲಗೆಯವನೂ ಇದ್ದ. ಗುಲಾಬಿ ಗುಡ್ಡದ ತುದಿ ಮುಟ್ಟಿದರೆ ಸಾಹೇಬರು ಮಾತು ಹಿಂದೆಗೆದುಕೊಳ್ಳಬೇಕು, ಸೋಮವಾರದ ಕೊನೆಯ ಓಟಕ್ಕೆ ಅವಳನ್ನು ಬಿಡಬೇಕು. ಇದು ಉದ್ದಪ್ಪನ ಕರಾರು.

"ಟ್ರೆಕ್ಕಿಂಗ್ ಅಂದ್ರ ಶಾಂತತಾ ಇರಬೇಕ್ರಿ" ಎಂದು ಕಿಶೋರ ಬೇಡಿಕೊಂಡ. ಹಲಗೆಯವನು ಅದನ್ನು ಶುರುಮಾಡಲು ಕೊಟ್ಟ ಅಪ್ಪಣೆ ಎಂದು ತಿಳಿದ.

ಮೆರವಣಿಗೆ ಗುಡ್ಡ ಹತ್ತತೊಡಗಿತು. ಎಲ್ಲರಿಗಿಂತ ಮುಂದೆ ಗುಲಾಬಿ, ಸೊಪ್ಪು ತಿನ್ನುತ್ತ, ಬಾಲ ಬೀಸುತ್ತ, ಗಂಡನ ಮನೆಗೆ ಹೋಗುವ ಮದುಮಗಳಂತಲ್ಲ, ತವರಿಗೆ ಹೊರಟವಳಂತೆ ಹೋಗುತ್ತಿದ್ದಳು. ಅವಳ ಹಿಂದೆ ಶೆಟ್ಟೆವ್ವ, ಹವಾಯಿ ಚಪ್ಪಲಿಯಲ್ಲಿ. ಎಲ್ಲರಿಗಿಂತ ಹಿಂದೆ ಎರಡು ಕೋಲು ಊರಿಕೊಂಡು ಯಲ್ಲಾಲಿಂಗ. ಕಲ್ಲಿನ ಮೇಲೆ ಕುಳಿತಾಗಲೊಮ್ಮೆ ಅವನು ದುರ್ಬೀನು ಎತ್ತಿ ಘಟಪ್ರಭೆಯನ್ನೂ ಅದರಾಚೆ ಕೊಣ್ಣೂರ ಕಡೆಯ ಕಬ್ಬನ್ನೂ ಬಹಳ ಹೊತ್ತು ನೋಡುತ್ತಿದ್ದ. ಕೆಳಗಿಳಿಸಿದರೆ ಏಳಬೇಕಾಗುತ್ತಿತ್ತು.

"ಸಾಹೇಬ್ರು ಏನು ನೋಡಾಕತ್ತಾರ?" ಎಂದು ಲಕ್ಷ್ಮಣ ಕೇಳಿದ.

"ಕಬ್ಬಿನ್ಯಾಗ ಯಾವ ಎತ್ತಿಗೆ ಜ್ವರ ಐತಿ ಅಂತ ನೋಡಾಕತ್ತಾರ" ಎಂದ ಮೈನೋದ್ದೀನ.

ತುದಿ ಮುಟ್ಟಿದ ಮೇಲೆ ಉದ್ದಪ್ಪ ಟವಲಿನಿಂದ ಗುಲಾಬಿಯ ಕುತ್ತಿಗೆ ಒರೆಸುತ್ತ ನಿಂತ. ಅಳಿಯ ಬಂದ ಮೇಲೆ, "ಈಗ ಹೇಳ್ರಿ, ಕುಂಟಿ ಯಾರು?" ಎಂದ.

ಯಲ್ಲಾಲಿಂಗನಿಗೆ ಮಾವನ ಮುಖ ನೋಡಿ ನಾಚಿಕೆಯಾಯಿತು. ಟೊಪ್ಪಿಗೆ ತೆಗೆದ. "ಮಾವಾರ, ನಾ ಸಾಹೇಬ ಅಲ್ರಿ. ಡಾಕ್ಟರೂ ಅಲ್ಲ. ಮದಿವ್ಯಾಗ ಹೆಂಗ ಗುಮಾಸ್ತ ಇದ್ನೋ ಇವತ್ತೂ ಹಂಗ ಗುಮಾಸ್ತ ಅದೇನ್ರಿ."

ಗುಡ್ಡದ ಮೇಲೆ ಹಲಗೆಯೂ ನಿಂತಿತು. ಉದ್ದಪ್ಪ ಅಳಿಯನನ್ನು ಒಮ್ಮೆ, ಕಮಿಟಿಯವರನ್ನು ಒಮ್ಮೆ ನೋಡಿದ. ಆಮೇಲೆ ತೊಡೆ ತಟ್ಟಿಕೊಂಡು ಎಂದ: "ನೋಡ್ರಿ ಇವನ ಹಟ! ಕುದರಿ ವಿಷಯದಾಗ ತಪ್ಪಾತು ಅನ್ನಾಕ ಬಾಯಿ ಬರವಲ್ದು, ಅದಕ್ಕ ನೌಕರಿನ ಬಿಡಾಕ ತಯಾರ ಆಗ್ಯಾನ!"

"ಬ್ಯಾಡ್ರಿ ಸಾಹೇಬ್ರ!" ಲಕ್ಷ್ಮಣ ಅವನ ಎರಡೂ ಕೈ ಹಿಡಿದುಕೊಂಡ. "ಒಂದು ಕುದರಿ ಸಲುವಾಗಿ ಸರಕಾರಿ ನೌಕರಿ ಬಿಡಬ್ಯಾಡ್ರಿ. ನಾವು ಗುಲಾಬಿನ ಓಡಸತೇವಿ, ನೀವು ಡಾಕ್ಟರ್ ಆಗಿರ್ರಿ. ಇಬ್ಬರದೂ ಮರ್ಯಾದಿ ಉಳೀತೈತಿ."

"ಅಲ್ರೀ, ನಾ ಖರೇನ..." ಎಂದು ಯಲ್ಲಾಲಿಂಗ ಕೈ ಬಿಡಿಸಿಕೊಂಡು ಒಂದು ಹೆಜ್ಜೆ ಹಿಂದಿಟ್ಟ. ಹಿಂದೆ ಉರುಟು ಕಲ್ಲಿತ್ತು. ಕಾಲು ಹೊರಳಿತು. ಅವನು ಬಿದ್ದ ಸದ್ದಿಗಿಂತ ಕೂಗಿದ ಸದ್ದು ದೊಡ್ಡದಾಗಿತ್ತು.

ಮೈನೋದ್ದೀನ ಬೂಟು ಬಿಚ್ಚಲು ಕುಳಿತ. ಅದು ಬರಲಿಲ್ಲ. ಕಿಶೋರ ಹೆಗಲು ಹಿಡಿದು, ಮೈನೋದ್ದೀನ ಬೂಟು ಹಿಡಿದು ಎರಡು ಕಡೆಗೆ ಜಗ್ಗಿದ ಮೇಲೆ ಬೂಟು ಬಂತು. ಒಳಗಿನಿಂದ ಬದನೇಕಾಯಿಯ ಬಣ್ಣದ ಒಂದು ಪಾದ ಹೊರಬಿತ್ತು.

"ನನ್ನ ಅಂಗಡ್ಯಾಗ ತಗೊಂಡಿದ್ರ ಹಿಂಗ ಆಗತಿರಲಿಲ್ಲ" ಎಂದ ಮೈನೋದ್ದೀನ. ಅಂದ ಮೇಲೆ ಅವನ ಸಿಟ್ಟು ಪೂರ್ತಿ ಇಳಿಯಿತು; ಗೆಳೆಯನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ತಿಕ್ಕತೊಡಗಿದ.

ಇಳಿಯುವುದು ಹೇಗೆ? ಹೊತ್ತುಕೊಂಡು ಹೋಗಲು ದಾರಿ ಬಹಳ ಕಡಿದಾಗಿತ್ತು. ಎಲ್ಲರೂ ಗುಲಾಬಿಯ ಕಡೆ ನೋಡಿದರು. ಯಲ್ಲಾಲಿಂಗ ಬೇರೆ ಎಲ್ಲಾ ಕಡೆ ನೋಡಿದ. ಅವನ ಮಾತು ಯಾರೂ ಕೇಳಲಿಲ್ಲ. ನಾಲ್ಕು ಜನ ಎತ್ತಿ ಗೋಣಿಚೀಲದ ಮೇಲೆ ಕೂಡ್ರಿಸಿದರು. "ಅಳಿಯಂದ್ರ, ಜುಟ್ಟು ಹಿಡಕೋರಿ" ಎಂದಳು ಶೆಟ್ಟೆವ್ವ. ಅವನು ಗಾಬರಿಯಲ್ಲಿ ತನ್ನದನ್ನೇ ಹಿಡಿದುಕೊಂಡ.

ಗುಲಾಬಿ ಕಲ್ಲುದಾರಿಯಲ್ಲಿ ಅವನನ್ನು ಹಾಲಿನ ಕೊಡದಂತೆ ಇಳಿಸಿದಳು. ಕೆಳಗೆ ಡಾಂಬರು ರಸ್ತೆ ಮುಟ್ಟಿದ್ದೇ ತಡ, ಅವಳಿಗೆ ತಾನು ಓಟದ ಕುದುರೆ ಎಂಬುದು ನೆನಪಾಯಿತು. ಸೂಟಿಗೆ ಫಾಲ್ಸು ನೋಡಲು ಬಂದ ಜನ ದಾರಿಯ ಎರಡೂ ಬದಿಗೆ ನಿಂತು ಮೊಬೈಲು ಎತ್ತಿದರು. ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು, ಬಾಯಲ್ಲಿ ಹೇಗೋ ಸಿಕ್ಕಿಕೊಂಡ ಸೀಟಿ; ಅವನು ಚೀರಿದಾಗಲೆಲ್ಲ ಸೀಟಿ ಊದುತ್ತಿತ್ತು, ಊದಿದಾಗಲೆಲ್ಲ ಗುಲಾಬಿ ಇನ್ನಷ್ಟು ಓಡುತ್ತಿದ್ದಳು. ಬಸ್ಸುಗಳು ಬದಿಗೆ ನಿಂತವು. ಕರದಂಟಿನ ಅಂಗಡಿಯ ಮುಂದೆ ಅವಳು ತಾನಾಗಿ ನಿಂತು ಬೆಲ್ಲದ ವಾಸನೆ ಹಿಡಿಯದಿದ್ದರೆ ಅವನು ಆ ದಿನ ಎಲ್ಲಿಗೆ ಮುಟ್ಟುತ್ತಿದ್ದನೋ ಹೇಳಲಾಗದು. ಸಂಜೆಯೊಳಗೆ ಆ ವಿಡಿಯೋ ಸುತ್ತಲಿನ ಮೂರು ತಾಲೂಕು ಸುತ್ತಿತು. "ಕುಂಟ ಸಾಹೇಬ, ಗಟ್ಟಿ ಕುದರಿ" ಎಂದು ಯಾರೋ ಅದಕ್ಕೆ ಹೆಸರಿಟ್ಟಿದ್ದರು.

ಸೋಮವಾರ ಮೂಡಲಗಿಯಲ್ಲಿ ಹಿಂದೆಂದೂ ಸೇರದಷ್ಟು ಜನ ಸೇರಿದರು. ಅರ್ಧ ಜನ ಓಟಕ್ಕೆ, ಅರ್ಧ ಜನ ಸಾಹೇಬರನ್ನು ನೋಡಲು. ನಂದಾ ಗಂಡನನ್ನು ಕೈ ಹಿಡಿದು ಕರೆತಂದಳು. ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ ಅವನನ್ನು ಕಮಿಟಿಯವರು ಮತ್ತೆ ಆ ಮೆತ್ತೆಯ ಕುರ್ಚಿಯಲ್ಲೇ ಕೂಡ್ರಿಸಿದರು. ಆಗಲೇ ಒಬ್ಬ ಹೆಣ್ಣುಮಗಳು ಸ್ಕೂಟಿಯ ಮೇಲೆ ಬಂದು ಇಳಿದಳು.

"ನಾನು ಡಾಕ್ಟರ್ ಸರಿತಾ. ಶನಿವಾರ ಒಂದು ಎಮ್ಮಿ ಈಯೂದು ಭಾಳ ತ್ರಾಸ ಆಗಿತ್ತು, ಬರಾಕ ಆಗ್ಲಿಲ್ರಿ. ಎಷ್ಟು ಫೋನ್ ಮಾಡಿದ್ರೂ ನಿಮ್ಮ ಮೈಕಿನ ಗದ್ದಲದಾಗ ಯಾರೂ ಎತ್ತಲಿಲ್ಲ. ಕುದರಿ ನೋಡದ ಓಟ ಹೆಂಗ ಮಾಡಿದ್ರಿ?"

"ಡಾಕ್ಟರ್ ಸಾಹೇಬ್ರು ನೋಡ್ಯಾರಲ್ರಿ" ಎಂದ ಲಕ್ಷ್ಮಣ.

"ಯಾವ ಸಾಹೇಬ್ರು?"

ಸಾವಿರ ತಲೆಗಳು ಮೆತ್ತೆಯ ಕುರ್ಚಿಯ ಕಡೆ ತಿರುಗಿದವು. ಯಲ್ಲಾಲಿಂಗ ಒಂಟಿಗಾಲಲ್ಲಿ ಎದ್ದು ಮೈಕಿನ ಮುಂದೆ ಬಂದ. "ತಪ್ಪಾತ್ರಿ ಎಲ್ಲಾರೂ. ನಾ ಕಾಲೇಜಿನ ಗುಮಾಸ್ತ. ಕುದರಿ ಬಗ್ಗೆ ನನಗ ಏನೂ ತಿಳಿಯೂದಿಲ್ಲ. ಹಾರ ಹಾಕಿದ್ರಿ, ಬ್ಯಾಡ ಅನ್ನಾಕ ಆಗಲಿಲ್ಲ. ಗುಲಾಬಿ ಕಾಲು ಬಂಗಾರದಂಥಾ ಕಾಲು. ನಿನ್ನೆ ನನ್ನ ಹೊತ್ತಾಳ."

ಜನ ಏನನ್ನುತ್ತಿದ್ದರೋ, ಉದ್ದಪ್ಪ ಅಷ್ಟರಲ್ಲಿ ಪೆಂಡಾಲಿಗೆ ಹಾರಿ ಬಂದ. ಅಂಗೈಯಿಂದ ಮೈಕು ಮುಚ್ಚಿ, ಅಳಿಯನ ಕಿವಿಯಲ್ಲಿ ಬುಸುಗುಟ್ಟಿದ. ಆ ಮೈಕು ಅಂಗೈಗೆ ಬಗ್ಗುವಂಥದ್ದಲ್ಲ. ಪಿಸುಮಾತು ಬಯಲಿನ ಎಲ್ಲಾ ಲೌಡ್ ಸ್ಪೀಕರುಗಳಿಂದಲೂ ಗುಡುಗಿನಂತೆ ಬಂತು:

"ಬಾಯಿ ಮುಚ್ಚಲೇ ಮಾರಾಯಾ! ಸಾಹೇಬ ಕುಂಟಿ ಅಂದ್ರ ಅದು ಕಾಯ್ದೆ. ಗುಮಾಸ್ತ ಕುಂಟಿ ಅಂದ್ರ ಅದು ಅಪಮಾನ! ಊರ ತುಂಬ ಅಳಿಯ ಡಾಕ್ಟರ್ ಅಂತ ಹೇಳೇನಿ. ಇವತ್ತೊಂದು ದಿನ ಸುಮ್ಮ ಸಾಹೇಬ ಆಗಿರು!"

ನಗು ಎದ್ದಿತು. ಅದು ಪೆಂಡಾಲಿನಿಂದ ಹೊರಟು ಬಯಲು ದಾಟಿ ರಸ್ತೆಯ ಮೇಲಿನ ಟ್ರ್ಯಾಕ್ಟರಿನವರೆಗೆ ಹೋಯಿತು. ಲಕ್ಷ್ಮಣ ಕಂಬ ಹಿಡಿದುಕೊಂಡು ನಕ್ಕ. ಉದ್ದಪ್ಪ ಕೈಯಲ್ಲಿನ ಮೈಕನ್ನೂ ಜನರನ್ನೂ ನೋಡಿ, ಏನಾಯಿತೆಂದು ತಿಳಿದು, ಕೊನೆಗೆ ತಾನೂ ನಕ್ಕುಬಿಟ್ಟ. ಡಾಕ್ಟರ್ ಸರಿತಾ ಮಾತ್ರ ನಗಲು ಬಹಳ ಹೊತ್ತು ಒಪ್ಪಲಿಲ್ಲ. ಇಂಥ ಕೆಲಸ ಇನ್ನೊಮ್ಮೆ ಮಾಡಿದರೆ ಪೊಲೀಸರಿಗೆ ಹೇಳುತ್ತೇನೆ ಎಂದು ಯಲ್ಲಾಲಿಂಗನನ್ನೂ ಕಮಿಟಿಯನ್ನೂ ಚೆನ್ನಾಗಿ ಬೈದಳು. ಬೈದು, ಕುದುರೆಗಳನ್ನೆಲ್ಲ ಮುಟ್ಟಿ ತಟ್ಟಿ ನೋಡಿದಳು. ಗುಲಾಬಿಯ ನಾಲ್ಕೂ ಕಾಲು ಎತ್ತಿ, "ಓಡ್ಲಿ" ಎಂದಳು. ಹೋಗುವಾಗ ಯಲ್ಲಾಲಿಂಗನ ಕಾಲನ್ನು ನೋಡಿ, "ಇದನ್ನ ಓಡಸಬ್ಯಾಡ್ರಿ" ಎಂದಳು. ಆಗ ಅವಳ ಮುಖದಲ್ಲೂ ನಗು ಇತ್ತು.

ಗುಲಾಬಿ ಓಡಿದಳು. ಗಾಡಿಯ ಮೇಲೆ ಮಾಳು, ಹಿಂದೆ ಬೈಕುಗಳ ಗುಂಪು, ಧೂಳಿನಲ್ಲಿ ಬಿಳಿಯ ಒಂದು ಮಿಂಚು. ಯಲ್ಲಾಲಿಂಗ ಕುರ್ಚಿಯ ಮೇಲೆ ಒಂಟಿಗಾಲಲ್ಲಿ ನಿಂತು ಗಂಟಲು ಕೀಳುವಂತೆ ಕೂಗಿದ. ಅವಳು ಎರಡನೆಯವಳಾಗಿ ಬಂದಳು. ಉದ್ದಪ್ಪನಿಗೆ ಅದು ಮೊದಲನೆಯದಕ್ಕಿಂತ ಕಡಿಮೆಯೇನೂ ಆಗಿರಲಿಲ್ಲ. ಅವನು ಅಳಿಯನನ್ನು ಕುರ್ಚಿಯಿಂದ ಎತ್ತಿಕೊಂಡೇ ಕುಣಿದ.

ಆ ಸಂಜೆ ಬೆಲ್ಲದ ಬಾಗೇವಾಡಿಯ ಮಾವನ ಮನೆಯ ಕಟ್ಟೆಯ ಮೇಲೆ ಯಲ್ಲಾಲಿಂಗ ಕಾಲು ಚಾಚಿ ಕುಳಿತಿದ್ದ. ಶೆಟ್ಟೆವ್ವ ಗುಲಾಬಿಗೆ ಹಚ್ಚಿ ಉಳಿದ ಎಣ್ಣೆಯನ್ನು ಅವನ ಕಾಲಿಗೆ ಹಚ್ಚುತ್ತಿದ್ದಳು. ನಂದಾ ಒಳಗೆ ಹೋಳಿಗೆ ಮಾಡುತ್ತಿದ್ದಳು. ಆಗ ಓಣಿಯ ತುದಿಯ ಸುಂದ್ರವ್ವ ಎಂಬ ಮುದುಕಿ ಒಂದು ಆಡನ್ನು ಹಗ್ಗ ಹಿಡಿದು ಜಗ್ಗಿಕೊಂಡು ಬಂದು ಕಟ್ಟೆಯ ಮುಂದೆ ನಿಲ್ಲಿಸಿದಳು.

"ಅಳಿಯಂದ್ರ, ಇದು ಎರಡು ದಿನದಿಂದ ಮೇವು ಮುಟ್ಟವಲ್ದು. ಒಂದೀಟು ನೋಡ್ರಿ."

ಯಲ್ಲಾಲಿಂಗ ಎರಡೂ ಕೈ ಎತ್ತಿ ಮುಗಿದ. "ಅಯ್ಯ ಯವ್ವಾ, ನಾ ಡಾಕ್ಟರ್ ಅಲ್ಲ. ನಿನಗ ಸುದ್ದಿ ಮುಟ್ಟಿಲ್ಲೇನ?"

"ಎಲ್ಲಾ ಮುಟ್ಟೇತಿ" ಎಂದಳು ಸುಂದ್ರವ್ವ, ಆಡನ್ನು ಅವನ ಹತ್ತಿರಕ್ಕೆ ನೂಕುತ್ತ. "ಖರೆ ಡಾಕ್ಟರ್ ಆದ್ರ ಸೂಜಿ ಚುಚ್ಚತಾರ, ಇದಕ್ಕ ಸೂಜಿ ಅಂದ್ರ ಭಾಳ ಅಂಜಿಕಿ. ಅದಕ್ಕ ನಿಮ್ಮ ಕಡೆ ತಂದೇನಿ."